ಹಳೆಯ ಬ್ಯಾಟರಿ ಗಾಡಿ, ಸಣ್ಣ ಊರಿನ ಓಡಾಟ

ಬಾಗಿಲಿಲ್ಲದ, ನಾಲ್ಕು ಚಕ್ರದ, ಬ್ಯಾಟರಿಯಿಂದ ಓಡುವ ಗಾಲ್ಫ್ ಕಾರ್ಟ್ ಮೈಸೂರು ಸೀಮೆಯ ಜನರಿಗೆ ಅಪರಿಚಿತವಲ್ಲ. ಗಾಲ್ಫ್ ಮೈದಾನವನ್ನೇ ಕಾಣದವರೂ ಮೈಸೂರು ಮೃಗಾಲಯದಲ್ಲಿ ಅದನ್ನು ಕಂಡಿರುತ್ತಾರೆ. ಮಂಡಿನೋವಿನ ಹಿರಿಯರನ್ನೂ ಕಂಕುಳ ಕೂಸುಗಳನ್ನೂ ಕೂರಿಸಿಕೊಂಡು ಸದ್ದಿಲ್ಲದೆ ಸುತ್ತುವ ಬ್ಯಾಟರಿ ಗಾಡಿ, ಅಂದರೆ ಬಗ್ಗಿ, ಇದೇ ಜಾತಿಯದು. ದೊಡ್ಡ ರೈಲು ನಿಲ್ದಾಣಗಳ ಪ್ಲಾಟ್‌ಫಾರ್ಮಿನಲ್ಲಿ, ರೆಸಾರ್ಟುಗಳಲ್ಲಿ, ಕಂಪನಿಗಳ ಆವರಣದಲ್ಲಿ ಓಡುವುದೂ ಇದೇ. ಗಂಟೆಗೆ 20–25 ಕಿ.ಮೀ. ವೇಗ, ಹೊಗೆಯಿಲ್ಲ, ಗೇರಿಲ್ಲ, ಕ್ಲಚ್ಚಿಲ್ಲ. ಈ ತುದಿಯಿಂದ ಆ ತುದಿಗೆ ಕೆಲವೇ ಕಿಲೋಮೀಟರ್ ಇರುವ ನಂಜನಗೂಡು, ತಿ. ನರಸೀಪುರದಂಥ ಊರುಗಳಲ್ಲಿ ಇಂಥದೊಂದು ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಸಾಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆ ಯೋಚನೆಗೆ ಆಧಾರವೂ ಇದೆ. ನಂಜನಗೂಡಿನಲ್ಲಿ ರೈಲಿಳಿದವರು, ಬಸ್ಸಿಳಿದವರು ಶ್ರೀಕಂಠೇಶ್ವರನ ಗುಡಿಗೆ ಹೋಗಬೇಕು, ಅಲ್ಲಿಂದ ಕಪಿಲೆಯ (ಕಬಿನಿ ಹೊಳೆಯ) ಸ್ನಾನಘಟ್ಟಕ್ಕೆ ಇಳಿಯಬೇಕು. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಜನ ಹೆಚ್ಚು. ಪಂಚ ಮಹಾರಥಗಳು ಹೊರಡುವ ದೊಡ್ಡ ಜಾತ್ರೆಯಲ್ಲಂತೂ ಹೇಳುವುದೇ ಬೇಡ. ತಿ. ನರಸೀಪುರಕ್ಕೆ ರೈಲಿಲ್ಲ. ಬಸ್ ನಿಲ್ದಾಣದಿಂದ ಗುಂಜಾ ನರಸಿಂಹಸ್ವಾಮಿ ಗುಡಿ, ಹೊಳೆಯಾಚೆ ತಿರುಮಕೂಡಲಿನ ಅಗಸ್ತ್ಯೇಶ್ವರ, ಕಾವೇರಿ–ಕಪಿಲೆಯರ ಸಂಗಮ – ಇವುಗಳ ನಡುವಿನ ದಾರಿ ಗಟ್ಟಿಮುಟ್ಟಾದವರಿಗೆ ನಡಿಗೆಯ ದೂರ, ವಯಸ್ಸಾದವರಿಗೆ ಅಲ್ಲ. ಹತ್ತಿರದ ದೂರ, ಕಡಿಮೆ ವೇಗ, ಪದೇ ಪದೇ ನಿಲ್ಲಿಸಿ ಹೊರಡುವ ಓಡಾಟ: ಪೆಟ್ರೋಲ್ ಎಂಜಿನ್ ಅತಿ ಹೆಚ್ಚು ಇಂಧನ ಕುಡಿಯುವುದು ಇಂಥ ಕಡೆಯೇ, ಬ್ಯಾಟರಿ ಮೋಟಾರು ಚೆನ್ನಾಗಿ ದುಡಿಯುವುದೂ ಇಂಥ ಕಡೆಯೇ. ನಿಂತಾಗ ಮೋಟಾರು ಕರೆಂಟು ಎಳೆಯುವುದಿಲ್ಲ. ಹೊರಡುವ ಕ್ಷಣದಲ್ಲೇ ಪೂರ್ತಿ ಎಳೆತ ಕೊಡುತ್ತದೆ.

ಗೇಟಿನ ಒಳಗೆ, ಗೇಟಿನ ಹೊರಗೆ

ಆದರೆ ಗಾಲ್ಫ್ ಕಾರ್ಟ್ ಊರಿನ ರಸ್ತೆಗೆ ಇಳಿಯುವಂತಿಲ್ಲ. ಕಾರ್ಖಾನೆ ಅಥವಾ ಸುತ್ತುಗೋಡೆಯ ಆವರಣದೊಳಗೆ ಮಾತ್ರ ಓಡಲೆಂದೇ ತಯಾರಾದ ವಿಶೇಷ ಗಾಡಿಗಳನ್ನು 1988ರ ಮೋಟಾರು ವಾಹನ ಕಾಯ್ದೆ ತನ್ನ 2(28)ನೇ ಸೆಕ್ಷನ್ನಿನಲ್ಲಿ ಮೋಟಾರು ವಾಹನದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಮೃಗಾಲಯದ ಬಗ್ಗಿಗೆ ನಂಬರ್ ಪ್ಲೇಟ್ ಬೇಡವಾದದ್ದು ಹೀಗೆ. ಅದೇ ಬಗ್ಗಿ ಗೇಟು ದಾಟಿ ಸಾರ್ವಜನಿಕ ರಸ್ತೆಗೆ ಬಂದರೆ ಈ ವಿನಾಯಿತಿ ಇಲ್ಲ. ಆಗ ಅದಕ್ಕೆ ನೋಂದಣಿ ಬೇಕು. ನೋಂದಣಿ ಆಗಬೇಕಾದರೆ ಆ ಮಾದರಿ ರಸ್ತೆಗೆ ಯೋಗ್ಯವೆಂದು ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆ ಮೊದಲೇ ಪ್ರಮಾಣಪತ್ರ ಕೊಟ್ಟಿರಬೇಕು. ಆವರಣಕ್ಕೆಂದು ಮಾಡಿದ ಬಗ್ಗಿಗೆ ಆ ಪ್ರಮಾಣಪತ್ರ ಇರುವುದಿಲ್ಲ. ಕನ್ನಡಿ, ಇಂಡಿಕೇಟರ್, ಹಾರ್ನ್ ಜೋಡಿಸಿಬಿಟ್ಟರೆ ಆರ್‌ಟಿಒ ಕಚೇರಿಯಲ್ಲಿ ನಂಬರ್ ಆಗುತ್ತದೆ ಎಂದು ದಲ್ಲಾಳಿಗಳು ಹೇಳುವ ಮಾತನ್ನು ನಂಬಬಾರದು.

ನೋಂದಣಿಯಿಲ್ಲದೆ ಓಡಿಸಿದರೆ 192ನೇ ಸೆಕ್ಷನ್ ಪ್ರಕಾರ ಮೊದಲ ಸಲ 5,000 ರೂಪಾಯಿವರೆಗೆ ದಂಡ. ದಂಡಕ್ಕಿಂತ ದೊಡ್ಡ ಗಂಡಾಂತರ ವಿಮೆಯದು. ನೋಂದಣಿಯಿಲ್ಲದ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಸಿಗುವುದಿಲ್ಲ. ಒಬ್ಬರಿಗೆ ತಾಗಿ ಕಾಲು ಮುರಿದರೆ, ಒಳಗೆ ಕೂತಿದ್ದ ಅಜ್ಜಿ ಉರುಳಿ ಬಿದ್ದರೆ, ನ್ಯಾಯಮಂಡಳಿ ನಿಗದಿ ಮಾಡುವ ಪರಿಹಾರವನ್ನು ಮಾಲೀಕನೇ ಕೈಯಿಂದ ಕಟ್ಟಬೇಕು. ಹೊಲ ಮನೆ ಹೋದಾವು. ಇನ್ನು ರಸ್ತೆಯ ಸ್ಥಿತಿ. ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರ ದಾಟಿ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಈ ಎರಡೂ ಊರುಗಳನ್ನು ಮುಟ್ಟಿಕೊಂಡೇ ಸಾಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಕೇರಳದ ಲಾರಿಗಳು, ಸಾರಿಗೆ ಬಸ್ಸುಗಳು ಒಂದರ ಹಿಂದೆ ಒಂದು ಬರುವ ಆ ದಾರಿಯಲ್ಲಿ, ಸೀಟ್ ಬೆಲ್ಟಾಗಲಿ ಗಟ್ಟಿ ಚೌಕಟ್ಟಾಗಲಿ ಇಲ್ಲದ ಗಾಡಿ ಅಪಾಯಕ್ಕೆ ಆಹ್ವಾನ.

ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿ ಮನೆಮನೆಯಲ್ಲೂ ಗಾಲ್ಫ್ ಕಾರ್ಟ್ ಕಾಣುವುದು ನಿಜ. ಅಲ್ಲಿ ಕಾರು, ಲಾರಿಗಳ ರಸ್ತೆಯಿಂದ ಬೇರೆಯಾಗಿ ಕಾರ್ಟುಗಳು ಓಡಾಡಬಹುದಾದ 160 ಕಿ.ಮೀ.ಗೂ ಹೆಚ್ಚು ಉದ್ದದ ಹಾದಿಗಳಿವೆ. ಆ ಹಾದಿಗಳನ್ನು ಬಿಟ್ಟು ಗಾಡಿಯನ್ನು ಮಾತ್ರ ಇಲ್ಲಿಗೆ ತಂದುಕೊಂಡರೆ ಪ್ರಯೋಜನವಿಲ್ಲ.

ಹಾಗಾಗಿ ಹಳೆಯ ಬಗ್ಗಿ ಕೊಳ್ಳುವುದು ಯಾರಿಗೆ ಸರಿ ಎಂದರೆ, ಸ್ವಂತ ಆವರಣ ಇರುವವರಿಗೆ: ದೊಡ್ಡ ಕಲ್ಯಾಣ ಮಂಟಪ, ಮಠ, ಶಾಲೆ, ಆಸ್ಪತ್ರೆ, ಕಾರ್ಖಾನೆ, ತೋಟದ ಮನೆ. ಬೆಂಗಳೂರಿನ ಮೈನಿ ಸಮೂಹ ಬಹಳ ಕಾಲದಿಂದ ಇಂಥ ಬಗ್ಗಿಗಳನ್ನು ಮಾಡುತ್ತಿದೆ. ನಮ್ಮ ಸುತ್ತಲಲ್ಲೇ ತಯಾರಾದ ಗಾಡಿಯಾದರೆ ಬಿಡಿಭಾಗಕ್ಕೆ ಅಲೆಯುವುದು ತಪ್ಪುತ್ತದೆ. ಆಮದಾದ ಕ್ಲಬ್ ಕಾರ್, ಇ–ಝಡ್–ಗೋ ಬಗ್ಗಿಗಳಿಗೆ ಆ ಅನುಕೂಲ ಕಡಿಮೆ.

ರಸ್ತೆಗೆ ಇಳಿಯುವಂಥವು

ಊರೊಳಗೆ ಬಾಡಿಗೆಗೆ ಓಡಿಸಲು ಕಾನೂನು ಒಪ್ಪುವ ಗಾಡಿ ಇ–ರಿಕ್ಷಾ ಮತ್ತು ಎಲೆಕ್ಟ್ರಿಕ್ ಆಟೊ. ಹೊರಗಿನಿಂದ ಒಂದೇ ಥರ ಕಂಡರೂ ಇವೆರಡೂ ಬೇರೆ. ಇ–ರಿಕ್ಷಾಕ್ಕೆ 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿತು, 2015ರಲ್ಲಿ ಕಾಯ್ದೆಗೇ 2ಎ ಎಂಬ ಸೆಕ್ಷನ್ ಸೇರಿತು. ಚಾಲಕನಲ್ಲದೆ ನಾಲ್ಕು ಜನ, 40 ಕೆ.ಜಿ. ಸಾಮಾನು, ಗಂಟೆಗೆ 25 ಕಿ.ಮೀ. ಮೀರದ ವೇಗ, ಬಾಡಿಗೆಯ ಗಾಡಿ ಎಂಬುದು ಅದರ ವ್ಯಾಖ್ಯೆಯಲ್ಲೇ ಇದೆ. ಓಡಿಸುವವರಿಗೆ ಡಿಎಲ್ ಬೇಕು, ಹತ್ತು ದಿನದ ತರಬೇತಿಯನ್ನೂ ನಿಯಮ ಕೇಳುತ್ತದೆ. ಎಲೆಕ್ಟ್ರಿಕ್ ಆಟೊ ಇದಕ್ಕಿಂತ ಗಟ್ಟಿ, ವೇಗವೂ ಹೆಚ್ಚು. 2018ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಮಹೀಂದ್ರ ಟ್ರಿಯೊ ಸಾಲಿನಲ್ಲಿ ಎರಡೂ ಬಗೆ ಇದ್ದವು: ಇ–ರಿಕ್ಷಾ ವರ್ಗದ ‘ಟ್ರಿಯೊ ಯಾರಿ’ಗೆ 3.69 ಕಿಲೋವ್ಯಾಟ್ ಅವರ್‌ನ ಲಿಥಿಯಂ ಬ್ಯಾಟರಿ, ಆಟೊ ವರ್ಗದ ‘ಟ್ರಿಯೊ’ಗೆ 7.37ರದು. ಹೆಸರು ಒಂದೇ ಎಂದು ಕೊಂಡರೆ ಅರ್ಧ ಬ್ಯಾಟರಿಯ ಗಾಡಿ ಮನೆಗೆ ಬಂದೀತು.

ಬಾಡಿಗೆಯ ಗೊಡವೆ ಬೇಡ, ಮನೆಮಂದಿಯ ಓಡಾಟಕ್ಕೆ ಸಾಕು ಎನ್ನುವವರಿಗೆ ಗಾಲ್ಫ್ ಕಾರ್ಟಿಗೆ ತೀರ ಹತ್ತಿರದ ಗಾಡಿ ಕರ್ನಾಟಕದಲ್ಲೇ ಹುಟ್ಟಿತ್ತು. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಕಂಪನಿ ಮಾರುಕಟ್ಟೆಗೆ ತಂದ ರೇವಾ ಅದು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಕ್ಕಳು; ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್–ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಲಂಡನ್ನಿನಲ್ಲಿ ‘ಜಿ–ವಿಝ್’ ಎಂಬ ಹೆಸರಿನಲ್ಲಿ ಓಡಿದ್ದೂ ಇದೇ ಕಾರು. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು; 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು, 2019ರ ಹೊತ್ತಿಗೆ ಅದೂ ನಿಂತಿತು. ನಂಬರ್ ಇರುವ, ವಿಮೆ ಸಿಗುವ ಕಾರುಗಳಿವು. ನಂಜನಗೂಡಿನ ಆರ್‌.ಪಿ. ರಸ್ತೆಯಲ್ಲಿ ತಿರುಗಿಸಲು, ಅಗ್ರಹಾರದ ಓಣಿಯಲ್ಲಿ ನಿಲ್ಲಿಸಲು ಇವಷ್ಟು ಸಲೀಸಾದ ಕಾರು ಕಡಿಮೆ. ಆದರೆ ತಯಾರಿ ನಿಂತ ಮೇಲೆ ಕಂಟ್ರೋಲರ್, ಚಾರ್ಜರ್ ಕೆಟ್ಟರೆ ಹೊಸದು ಸಿಗುವುದು ಕಷ್ಟ. ರಿಪೇರಿ ಬಲ್ಲ ಮೆಕ್ಯಾನಿಕ್ ಮೈಸೂರಿನಲ್ಲಿ ಸಿಗುತ್ತಾನೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಗಾಡಿ ನೋಡಲು ಹೋಗಬೇಕು.

ಬ್ಯಾಟರಿಯೇ ಗಾಡಿ

ಬಗ್ಗಿಯಾಗಲಿ, ಇ–ರಿಕ್ಷಾವಾಗಲಿ, ರೇವಾವಾಗಲಿ, ಹಳೆಯದನ್ನು ಕೊಳ್ಳುವವರು ವಾಸ್ತವದಲ್ಲಿ ಕೊಳ್ಳುವುದು ಬ್ಯಾಟರಿಯನ್ನು. ತಗಡು, ಸೀಟು, ಟಾಪು, ಬಣ್ಣ ಎಲ್ಲವೂ ಅಗ್ಗದಲ್ಲಿ ಸರಿಯಾಗುತ್ತವೆ. ಹೊಸ ಬ್ಯಾಟರಿ ಸೆಟ್ಟಿನ ಬೆಲೆ ಕೆಲವೊಮ್ಮೆ ಹಳೆಯ ಗಾಡಿಯ ಬೆಲೆಗೇ ಸಮನಾಗುತ್ತದೆ. ದಿನವೂ ಬಾಡಿಗೆಗೆ ಓಡುವ ಇ–ರಿಕ್ಷಾದ ಲೆಡ್–ಆಸಿಡ್ ಸೆಟ್ ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷ ಬಾಳುತ್ತದೆ. ಆದ್ದರಿಂದ ‘ಎರಡೇ ವರ್ಷ ಹಳೆಯದು’ ಎಂಬ ಮಾತಿಗೆ ಅರ್ಥವಿಲ್ಲ. ಬ್ಯಾಟರಿ ಎಷ್ಟು ತಿಂಗಳಿನದು ಎಂಬುದು ಮುಖ್ಯ. ತಯಾರಾದ ತಿಂಗಳು, ವರ್ಷದ ಗುರುತು ಬ್ಯಾಟರಿಯ ಮೈಮೇಲೇ ಇರುತ್ತದೆ.

ಪರೀಕ್ಷೆ ಹೀಗೆ. ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿಸಿ, ತಂತಿ ಕಿತ್ತು ಎರಡು ಮೂರು ಗಂಟೆ ಸುಮ್ಮನೆ ಬಿಡಬೇಕು. ಚಾರ್ಜರಿನಿಂದ ಬಿಡಿಸಿದ ಕೂಡಲೇ ಅಳೆದರೆ ಸತ್ತ ಬ್ಯಾಟರಿಯೂ ಒಳ್ಳೆಯ ವೋಲ್ಟೇಜ್ ತೋರಿಸುತ್ತದೆ. ಮಾರುವವರು ಇದನ್ನು ಬಲ್ಲರು. ಆಮೇಲೆ ಸೀಟು ಎತ್ತಿಸಬೇಕು. ಇ–ರಿಕ್ಷಾದಲ್ಲಿ 12 ವೋಲ್ಟಿನ ನಾಲ್ಕು ಡಬ್ಬಿ, ಬಗ್ಗಿಯಲ್ಲಿ ಹೆಚ್ಚಾಗಿ 8 ವೋಲ್ಟಿನ ಆರು, ಸಾಲಾಗಿ ಕೂತಿರುತ್ತವೆ. ಟರ್ಮಿನಲ್ ಮೇಲೆ ಬಿಳಿ–ಹಸಿರು ಪುಡಿ ಗಂಟುಗಟ್ಟಿದೆಯೇ, ಲಗ್ ಬಿಸಿಯಾಗಿ ಕರಗಿದ ಗುರುತಿದೆಯೇ, ಕೆಳಗಿನ ಟ್ರೇ ಆಸಿಡ್ ತಿಂದು ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಮಲ್ಟಿಮೀಟರಿನಲ್ಲಿ 12 ವೋಲ್ಟಿನ ಪ್ರತಿ ಬ್ಯಾಟರಿಯೂ 12.6, 12.7ರ ಹತ್ತಿರ ಇರಬೇಕು. ನಾಲ್ಕರಲ್ಲಿ ಒಂದು ಮಾತ್ರ 12.2ಕ್ಕೆ ಇಳಿದಿದ್ದರೆ ಆ ಸೆಟ್ಟಿನ ಕಥೆ ಮುಗಿಯುತ್ತ ಬಂದಿದೆ ಎಂದೇ ಲೆಕ್ಕ. ಸರಣಿಯಲ್ಲಿ ಜೋಡಿಸಿದ ಬ್ಯಾಟರಿಗಳಲ್ಲಿ ದುರ್ಬಲವಾದ ಒಂದು ಉಳಿದ ಮೂರನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಮೂರು ಹಳೆಯದು, ಒಂದು ಹೊಸದು ಎಂದು ಬೆರಕೆ ಕೂರಿಸಿದ ಸೆಟ್ಟಿನದೂ ಇದೇ ಗತಿ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ನೇರವಾಗಿ ಸತ್ಯ ಹೇಳುತ್ತದೆ. ಬ್ಯಾಟರಿ ಅಂಗಡಿಯವರ ಹತ್ತಿರ ಇರುವ, ರಬ್ಬರ್ ಬುರುಡೆಯ ಗಾಜಿನ ಕೊಳವೆ ಅದು. ಒಂದೊಂದೇ ಸೆಲ್ಲಿನಿಂದ ದ್ರವ ಎಳೆದಾಗ ಒಳಗಿನ ತೇಲುಕಡ್ಡಿ 1.265ರಿಂದ 1.28ರ ನಡುವೆ ನಿಂತರೆ ಸೆಲ್ ತುಂಬಿದೆ, 1.15ರ ಸುತ್ತ ನಿಂತರೆ ಬರಿದು. ಪೂರ್ತಿ ಚಾರ್ಜ್ ಆದ ಮೇಲೂ ಒಂದು ಸೆಲ್ ಉಳಿದವುಗಳಿಗಿಂತ 0.05ರಷ್ಟು ಕೆಳಗಿದ್ದರೆ ಅದು ಮತ್ತೆ ಏಳುವುದಿಲ್ಲ. ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ಲೇಟು ಉದುರುತ್ತಿದೆ. ದ್ರವ ಪ್ಲೇಟಿಗಿಂತ ಕೆಳಗಿಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕುವ ಅಭ್ಯಾಸವೇ ಮಾಲೀಕರಿಗಿರಲಿಲ್ಲ ಎಂದರ್ಥ. ಬೋರ್‌ವೆಲ್ ನೀರು ಹಾಕಿದ್ದರಂತೂ ಅದರ ಲವಣಗಳೇ ಪ್ಲೇಟನ್ನು ಹಾಳುಮಾಡಿರುತ್ತವೆ. ಕೆಲಸಕ್ಕೆ ಬಾರದೆ ತಿಂಗಳುಗಟ್ಟಲೆ ಚಾರ್ಜಿಲ್ಲದೆ ನಿಂತ ಬಗ್ಗಿಯ ಬ್ಯಾಟರಿ ಓಡಿದ ಗಾಡಿಯದಕ್ಕಿಂತ ಕೆಟ್ಟದಾಗಿರುತ್ತದೆ. ಬರಿದಾಗಿ ನಿಂತಷ್ಟೂ ಸೀಸದ ಸಲ್ಫೇಟ್ ಹರಳುಗಟ್ಟಿ ಪ್ಲೇಟಿಗೆ ಅಂಟಿಕೊಳ್ಳುವುದೇ ಕಾರಣ. ಸಂಸ್ಥೆಗಳು ಹರಾಜಿಗಿಡುವ ಬಗ್ಗಿಗಳಲ್ಲಿ ಬಹುಪಾಲು ಹೀಗೆ ನಿಂತವೇ. ಅಂಥವನ್ನು ಬ್ಯಾಟರಿಯ ಬೆಲೆ ಸೊನ್ನೆ ಎಂದೇ ಹಿಡಿದು ಕೂಗಬೇಕು.

ಅಳತೆ ಮುಗಿದ ಮೇಲೆ ಓಡಿಸಿ ನೋಡುವುದು. ಒಬ್ಬರೇ ಕೂತು ಒಂದು ಸುತ್ತು ಹೊಡೆದರೆ ಏನೂ ತಿಳಿಯುವುದಿಲ್ಲ. ನಾಲ್ಕು ಜನರನ್ನು ಕೂರಿಸಿಕೊಂಡು, ತಿ. ನರಸೀಪುರದಲ್ಲಾದರೆ ಸೇತುವೆಯ ಏರಿನಲ್ಲಿ, ನಂಜನಗೂಡಿನಲ್ಲಾದರೆ ಹೊಳೆಯ ಕಡೆಯಿಂದ ಊರಿಗೆ ಹತ್ತುವ ದಾರಿಯಲ್ಲಿ ಓಡಿಸಬೇಕು. ಏರಿನಲ್ಲಿ ಮೀಟರಿನ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಥಟ್ಟನೆ ಕುಸಿದು, ಗಾಡಿ ನಿಂತ ಮೇಲೆ ಮತ್ತೆ ಮೇಲೇರಿದರೆ ಬ್ಯಾಟರಿಯಲ್ಲಿ ಸತ್ವವಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ನಿಜವಾಗಿ ಎಷ್ಟು ಕಿ.ಮೀ. ಓಡುತ್ತದೆಂದು ಅಳೆಯಲು ಬಿಡದ ಮಾಲೀಕರ ಗಾಡಿಯನ್ನು ಕೈಬಿಡುವುದೇ ಲೇಸು.

ಲಿಥಿಯಂ ಬ್ಯಾಟರಿಯಲ್ಲಿ ಮುಚ್ಚಳ ತೆಗೆದು ನೋಡುವುದೇನೂ ಇಲ್ಲ. ಒಳಗಿನ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಹಲಗೆಯೇ ಅದರ ಇತಿಹಾಸವನ್ನು ಬಲ್ಲದು. ಕಂಪನಿಯ ಸರ್ವಿಸ್ ಸೆಂಟರಿಗೆ ಗಾಡಿ ಒಯ್ದು, ಬ್ಯಾಟರಿಯ ಸಾಮರ್ಥ್ಯ ಎಷ್ಟು ಉಳಿದಿದೆ, ಎಷ್ಟು ಸಲ ಚಾರ್ಜ್ ಆಗಿದೆ ಎಂಬ ವರದಿ ಕೇಳಿ ಪಡೆಯಬೇಕು. ವಾರಂಟಿ ಎರಡನೇ ಮಾಲೀಕರಿಗೂ ಮುಂದುವರಿಯುತ್ತದೆಯೇ ಎಂಬುದನ್ನು ಬರಹದಲ್ಲೇ ತೆಗೆದುಕೊಳ್ಳಬೇಕು. ವಿದ್ಯುತ್ ವಾಹನಗಳಿಗೆ ಬೆಂಕಿ ಹತ್ತಿದ ಪ್ರಕರಣಗಳ ನಂತರ ಬಿಗಿಯಾದ ಎಐಎಸ್–156 ಸುರಕ್ಷತಾ ನಿಯಮ ಎರಡು ಹಂತಗಳಲ್ಲಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಜಾರಿಯಾಯಿತು. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಆ ದಿನಾಂಕಗಳ ನಂತರ ತಯಾರಾದದ್ದನ್ನೇ ಆರಿಸಬೇಕು. ಬಿಚ್ಚಿ ಒಳಗಿನ ಸೆಲ್ ಬದಲಿಸಿ ಮತ್ತೆ ಮುಚ್ಚಿದ ಪ್ಯಾಕ್ ಯಾವ ಬೆಲೆಗೂ ಬೇಡ. ಮನೆಯೊಳಗೆ, ಜನ ಮಲಗಿರುವಾಗ ಚಾರ್ಜಿಗಿಡುವ ವಸ್ತು ಅದು.

ಇನ್ನೊಂದು ಎಚ್ಚರ. ಕೆಲವು ಗಾಡಿಗಳ ಬ್ಯಾಟರಿ ಮಾಲೀಕರದ್ದೇ ಆಗಿರುವುದಿಲ್ಲ. 2019ರ ಕೊನೆಯಲ್ಲಿ ಬಂದ ಪಿಯಾಜಿಯೊ ಆಪೆ ಇ–ಸಿಟಿ ಆಟೊದ ಮೊದಲ ಮಾದರಿ ಸನ್ ಮೊಬಿಲಿಟಿ ಎಂಬ ಕಂಪನಿಯ ಕೇಂದ್ರಗಳಲ್ಲಿ ಬರಿದಾದ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಪಡೆಯುವ ವ್ಯವಸ್ಥೆಯನ್ನು ನೆಚ್ಚಿಕೊಂಡಿತ್ತು. ಅಂಥ ಕೇಂದ್ರ ಊರ ಹತ್ತಿರ ಇಲ್ಲದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ತರುವ ಮುನ್ನ ಬ್ಯಾಟರಿ ಗಾಡಿಗೇ ಸೇರಿದ್ದೋ, ಬದಲಿಸುವ ಬಗೆಯದೋ ಎಂದು ನೋಡಿಕೊಳ್ಳಬೇಕು.

ಮೋಟಾರು, ನೀರು, ತುಕ್ಕು

ಮೋಟಾರಿನ ತಪಾಸಣೆ ಇದರ ಮುಂದೆ ಸುಲಭ. ಹಳೆಯ ಬಗ್ಗಿಗಳ ಡಿಸಿ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಸವೆಯುತ್ತದೆ, ಬದಲಿಸಬಹುದು. ಇ–ರಿಕ್ಷಾಗಳ ಬ್ರಷ್‌ರಹಿತ ಮೋಟಾರಿಗೆ ಆ ತಾಪತ್ರಯವಿಲ್ಲ. ಹಿಂಬದಿಯ ಡಿಫರೆನ್ಷಿಯಲ್ ಕೂಗುತ್ತದೆಯೇ, ಹಂಪ್ ದಾಟುವಾಗ ಹ್ಯಾಂಡಲ್ ನಡುಗುತ್ತದೆಯೇ, ನಾಲ್ಕು ಜನರ ಭಾರಕ್ಕೆ ಬ್ರೇಕ್ ನಿಲ್ಲಿಸುತ್ತದೆಯೇ, ಚಾಸಿಯ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ ಎಂದು ನೋಡಿದರೆ ಮುಕ್ಕಾಲು ತಿಳಿಯುತ್ತದೆ.

ಈ ಎರಡು ಊರುಗಳಲ್ಲಿ ವಿಶೇಷವಾಗಿ ನೋಡಬೇಕಾದದ್ದು ನೀರಿನ ಗುರುತು. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ, ತಗ್ಗಿನ ಬೀದಿಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಯೇ ಮುಳುಗಿ ಸಂಚಾರ ನಿಂತಿತ್ತು. ಹೀಗೆ ನೀರಲ್ಲಿ ನಿಂತ ಗಾಡಿ ಒಣಗಿದ ಮೇಲೆ ಓಡಬಹುದು. ಆದರೆ ಕಂಟ್ರೋಲರಿನ ಸರ್ಕ್ಯೂಟ್ ಮೇಲೆ, ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು ಒಳಗೊಳಗೇ ಬೆಳೆಯುತ್ತದೆ. ಸೀಟಿನ ಕೆಳಗಿನ ಕನೆಕ್ಟರ್ ಬಿಚ್ಚಿ ನೋಡಿದರೆ ಮೂಲೆಯಲ್ಲಿ ಕೂತ ಹೊಳೆಯ ಸಣ್ಣ ಮಣ್ಣು ಕಾಣುತ್ತದೆ. ಕಂಡರೆ ಆ ಗಾಡಿ ಬೇಡ.

ಕರೆಂಟಿನ ಲೆಕ್ಕ

48 ವೋಲ್ಟ್, 100 ಆಂಪಿಯರ್ ಅವರ್‌ನ ಸೆಟ್ಟಿನಲ್ಲಿ 4.8 ಯೂನಿಟ್ ಹಿಡಿಯುತ್ತದೆ. ಚಾರ್ಜ್ ಮಾಡುವಾಗಿನ ನಷ್ಟ ಸೇರಿಸಿದರೆ ಗೋಡೆಯ ಸಾಕೆಟ್ಟಿನಿಂದ 6 ಯೂನಿಟ್ ಹೋಗುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಒಂದು ಪೂರ್ತಿ ಚಾರ್ಜಿಗೆ 36 ರೂಪಾಯಿ. ಲಾಭವೇನೋ ದೊಡ್ಡದು. ಆದರೆ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಮನೆಗಳು ಇನ್ನೊಂದು ಲೆಕ್ಕ ಹಾಕಬೇಕು. ದಿನಕ್ಕೆ 6 ಯೂನಿಟ್ ಎಂದರೆ ತಿಂಗಳಿಗೆ 180. ಆ ಯೋಜನೆ 2023ರಲ್ಲಿ ಶುರುವಾದಾಗ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಮಿತಿ ಗೊತ್ತುಮಾಡಿದ್ದರು; ಮಿತಿ ದಾಟಿದರೆ ಹೆಚ್ಚುವರಿಗೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಗಾಡಿ ಬಂದ ತಿಂಗಳೇ ಮನೆಯ ಬಿಲ್ಲು ಸೊನ್ನೆಯಿಂದ ಸಾವಿರದ ಮೇಲಕ್ಕೆ ಏರಬಹುದು, ಅದನ್ನು ಗಾಡಿಯ ಖರ್ಚಿಗೇ ಬರೆದುಕೊಳ್ಳುವುದು ನ್ಯಾಯ. ಬಾಡಿಗೆಗೆ ಓಡಿಸುವವರು ವಿದ್ಯುತ್ ಪೂರೈಸುವ ಸೆಸ್ಕ್ ಕಚೇರಿಯಲ್ಲಿ ಇವಿ ಚಾರ್ಜಿಂಗ್‌ಗೆ ಇರುವ ಪ್ರತ್ಯೇಕ ದರದಲ್ಲಿ ಬೇರೆ ಮೀಟರ್ ಪಡೆಯುವುದು ಒಳಿತು.

ಚಾರ್ಜಿಂಗ್ ಎಂಟು ಹತ್ತು ಗಂಟೆ ನಡೆಯುವುದರಿಂದ ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕು. ಹಳೆಯ ಮನೆಗಳ ಸಣ್ಣ ತಂತಿ ತಾಳುವುದಿಲ್ಲ. ಲೆಡ್–ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ನಡುಮನೆಯಲ್ಲಿ, ದೇವರ ದೀಪ ಉರಿಯುವ ಕೋಣೆಯ ಪಕ್ಕದಲ್ಲಿ ಇಡದೆ ಗಾಳಿಯಾಡುವ ಜಗುಲಿಯಲ್ಲಿ ಇಡಬೇಕು.

ಕಾಗದಪತ್ರ

ಬ್ಯಾಟರಿ ಗಾಡಿಯ ನಂಬರ್ ಪ್ಲೇಟ್ ಹಸಿರು. ಅಕ್ಷರ ಬಿಳಿಯಾದರೆ ಸ್ವಂತದ್ದು, ಹಳದಿಯಾದರೆ ಬಾಡಿಗೆಯದು. 2018ರ ಅಕ್ಟೋಬರಿನಿಂದ ಬ್ಯಾಟರಿ ಸಾರಿಗೆ ವಾಹನಗಳಿಗೆ ಪರ್ಮಿಟ್ ಬೇಕಿಲ್ಲ, 2021ರ ಆಗಸ್ಟಿನಿಂದ ಆರ್‌ಸಿ ನೀಡಿಕೆ ಮತ್ತು ನವೀಕರಣಕ್ಕೆ ಶುಲ್ಕವಿಲ್ಲ. ಪರ್ಮಿಟ್ ಬೇಡವೆಂದರೆ ಯಾವ ಕಾಗದವೂ ಬೇಡ ಎಂದು ತಿಳಿಯುವುದು ತಪ್ಪು: ಬಾಡಿಗೆ ಗಾಡಿಗೆ ಎಫ್‌ಸಿ (ಫಿಟ್ನೆಸ್ ಪ್ರಮಾಣಪತ್ರ) ಬೇಕೇ ಬೇಕು, ವಿಮೆಯೂ ಬೇಕು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಆರ್‌ಸಿ, ಎಫ್‌ಸಿ, ವಿಮೆಗಳ ಅವಧಿ ನೋಡಿ, ಚಾಸಿ ನಂಬರ್ ಮತ್ತು ಮೋಟಾರ್ ನಂಬರನ್ನು ಗಾಡಿಯ ಮೇಲೆ ಕೆತ್ತಿರುವುದರ ಜೊತೆ ತಾಳೆ ನೋಡಬೇಕು. ಈ ಗಾಡಿಗಳಲ್ಲಿ ಎಷ್ಟೋ ಫೈನಾನ್ಸ್ ಸಾಲದಲ್ಲಿ ಕೊಂಡವು. ಸಾಲ ತೀರಿದ್ದರೆ ಕಂಪನಿಯ ಪತ್ರದೊಂದಿಗೆ ಫಾರಂ 35 ಸಿಗಬೇಕು. ಸಿಗದಿದ್ದರೆ ಪೂರ್ತಿ ಹಣ ಕೊಡಬಾರದು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಕೇರಳ, ತಮಿಳುನಾಡಿನಿಂದ ಬಂದ ಗಾಡಿಗೆ ಅಲ್ಲಿನ ಎನ್‌ಒಸಿ, ಅಂದರೆ ಫಾರಂ 28, ಕೈಯಲ್ಲಿರಬೇಕು. ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ಹಳೆಯ ಮಾಲೀಕರ ಮೇಲೇ ಇರುವುದರಿಂದ ಮಾರುವವರಿಗೂ ಇದು ತುರ್ತಿನ ಕೆಲಸವೇ.

ಬೆಲೆ ಮಾತಾಡುವಾಗ ಮೊದಲು ಹೊಸ ಬ್ಯಾಟರಿ ಸೆಟ್ಟಿನ ಬೆಲೆಯನ್ನು ಮೈಸೂರಿನ ಎರಡು ಅಂಗಡಿಗಳಲ್ಲಿ ಕೇಳಿಟ್ಟುಕೊಳ್ಳಬೇಕು. ಪರೀಕ್ಷೆಯಲ್ಲಿ ಬ್ಯಾಟರಿ ಸೋತಿದ್ದರೆ ಆ ಮೊತ್ತ ಪೂರ್ತಿ ಕಳೆದು, ಅರ್ಧ ಆಯುಸ್ಸು ಉಳಿದಂತಿದ್ದರೆ ಅರ್ಧ ಕಳೆದು ಮಾತು ಶುರುಮಾಡುವುದು ಸರಿಯಾದ ಕ್ರಮ. ಈ ಲೆಕ್ಕದಲ್ಲಿ ನೋಡಿದರೆ ಬಾಡಿಗೆಗೆ ಓಡಿಸುವವರಿಗೆ ಅಗ್ಗದ ಲೆಡ್–ಆಸಿಡ್ ಇ–ರಿಕ್ಷಾಕ್ಕಿಂತ, ಸರ್ವಿಸ್ ವರದಿ ಇರುವ ಲಿಥಿಯಂ ಆಟೊವೇ ಈ ಊರುಗಳಿಗೆ ಹೆಚ್ಚು ಒಪ್ಪುತ್ತದೆ. ಹೆದ್ದಾರಿಯನ್ನು ಸ್ವಲ್ಪ ದೂರವಾದರೂ ಮುಟ್ಟದೆ ಇಲ್ಲಿ ಓಡಾಡುವುದು ಕಷ್ಟ. ಗಂಟೆಗೆ 25 ಕಿ.ಮೀ. ವೇಗ ಅಲ್ಲಿ ಸಾಲದು.

ಹಳೆಯ ಸೆಟ್ ಬದಲಿಸಿದ ಮೇಲೆ ಉಳಿಯುವ ಸೀಸ ಮತ್ತು ಆಸಿಡ್ಡಿನ ವಿಲೇವಾರಿಯೂ ಗಾಡಿ ಕೊಂಡವರ ಕೆಲಸವೇ. 2022ರ ಆಗಸ್ಟಿನ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಗುಜರಿಯವರು ಕೆಲವೊಮ್ಮೆ ಹೆಚ್ಚು ಕಾಸು ಕೊಡುತ್ತಾರೆ. ಆದರೆ ಆಸಿಡ್ಡನ್ನು ಚರಂಡಿಗೆ ಸುರಿದು ಸೀಸ ಮಾತ್ರ ಒಯ್ದರೆ ಆ ಚರಂಡಿ ಹೋಗಿ ಸೇರುವುದು ಕಪಿಲೆಯನ್ನು. ಹೊಸ ಸೆಟ್ ಕೊಳ್ಳುವ ಅಂಗಡಿಗೇ ಹಳೆಯದನ್ನು ತೂಕಕ್ಕೆ ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಸಿಕೊಂಡು, ರಸೀದಿಯನ್ನು ವಾರಂಟಿ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು.